ಮೂರು ಬಾಯಿ ಕೇಳಿದ ಪದ

ಜೂನ್ 3, ಸೋಮವಾರ

ನಲವತ್ತೊಂದು ಚೀಟಿ ಬರೆದೆ ಇವತ್ತು. ಬೆರಳು ಹಿಡಿದುಕೊಂಡಿದೆ. ಆದರೆ ಕೈ ನಡುಗಿಲ್ಲ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ ಇದು. ಈ ಊರಿನ ಯಾವ ಬೀದಿಗೆ ಹೋದರೂ ನನ್ನದೊಂದು ಅಕ್ಷರ ತಲೆಯೆತ್ತಿ ನಿಂತಿರುತ್ತದೆ, ಮೂಲೆಯಲ್ಲಿ ಪುಟ್ಟ ಕೆಂಪು ಹಕ್ಕಿ — ಅದೇ ನನ್ನ ಸಹಿ. ಫ್ಲೆಕ್ಸ್ ಬಂತು, ಬ್ರಷ್ ಒಣಗಿತು. ಅರವತ್ತನಾಲ್ಕಕ್ಕೆ ಈಗ ನಿಘಂಟಿನ ಕಚೇರಿಯಲ್ಲಿ ಚೀಟಿ ಬರೆಯುವ ಕೆಲಸ. ಕೊಡಿಸಿದವಳು ಅಕ್ಕನ ಮಗಳು. ಅವಳೂ ಅಲ್ಲೇ — ಟೆಂಪರರಿ ಸಹಾಯಕಿ. ಒಂದೊಂದೇ ಪದ ಹೊತ್ತು ತಂದು ಶೂ ಡಬ್ಬಕ್ಕೆ ತುಂಬುತ್ತಾಳೆ, ಅದಕ್ಕೇ ಅವಳಿಗೆ ಇರುವೆ ಎಂದು ಹೆಸರಿಟ್ಟಿದ್ದೇನೆ.

ಟೈರ್ ಅಂಗಡಿಯ ಮೇಲಿನ ಮಹಡಿ. ರಬ್ಬರ್ ವಾಸನೆ. ಇನ್ನೂರು ಶೂ ಡಬ್ಬ. ಸಂಪಾದಕ ಒಬ್ಬ — ಹುಟ್ಟಿದಾಗಲೇ ಹುಬ್ಬು ಗಂಟಿಕ್ಕಿಕೊಂಡು ಬಂದ ಮನುಷ್ಯ. ನಾನು ಕರೆಯುವುದು ಗಂಟುಮೋರೆ. ಎದುರಿಗೆ "ಸರ್".

ಇಲ್ಲಿನ ಕಾನೂನು ಮೂರು ಬಾಯಿ. ಒಂದು ಪದ ಪುಸ್ತಕಕ್ಕೆ ಹೋಗಬೇಕಾದರೆ ಮೂರು ಬೇರೆ ಬೇರೆ ಬಾಯಿಂದ ಬಂದಿರಬೇಕು. ಒಂದು ಬಾಯಿಗೆ ಒಂದು ಚೀಟಿ: ಪದ, ಅರ್ಥ, ಅವರಾಡಿದ ವಾಕ್ಯ ಇದ್ದ ಹಾಗೇ, ಆಡಿದವರು ಯಾರು, ವಯಸ್ಸೆಷ್ಟು, ಮನೆ ಎಲ್ಲಿ. ಮೂರು ಚೀಟಿ ಸೇರಿದರೆ ದಾರ ಕಟ್ಟಿ "ಪದ ಬಂತು" ಎನ್ನುತ್ತಾರೆ. ಹೆರಿಗೆ ವಾರ್ಡಿನ ಮಾತು ಇದ್ದ ಹಾಗಿದೆ.

ಈ ತಿಂಗಳು ಇರುವೆಯ ಪಾಲಿಗೆ ಬಂದಿರುವುದು ದೆವ್ವದ ಪದಗಳು. ಇಪ್ಪತ್ತೆಂಟಕ್ಕೆ ಅಚ್ಚಿಗೆ ಹೋಗಬೇಕು. ಚೆನ್ನಾಗಿ ಬಂದರೆ ಅವಳ ಕೆಲಸ ಖಾಯಂ.


ಜೂನ್ 5, ಬುಧವಾರ

ಊಟದ ಡಬ್ಬಿ ಬಿಚ್ಚಿದಳು, ತಿನ್ನಲಿಲ್ಲ. ಪಾಠ ಶುರು.

"ಮಾಮ, ದೆವ್ವ ಅನ್ನೋದು ಎಲ್ಲಿಂದ ಬಂತು ಹೇಳಿ."

"ಹಾಳು ಬಾವಿಯಿಂದ."

"ದೈವದಿಂದ. ದೇವರು, ದೆವ್ವ ಎರಡಕ್ಕೂ ಒಂದೇ ಬೇರು. ಒಬ್ಬ ಗದ್ದುಗೆ ಏರಿದ, ಒಬ್ಬ ಬೀದಿಪಾಲಾದ."

"ಅಣ್ಣತಮ್ಮಂದಿರು ಪಾಲಾದರೆ ಹಾಗೇ ಆಗೋದು."

ನಗಲಿಲ್ಲ. ಪದ ಹಿಡಿದರೆ ಅವಳಿಗೆ ನಗು ಬರುವುದಿಲ್ಲ. "ಭೂತ ಅಂದ್ರೆ ಇದ್ದದ್ದು, ಆಗಿಹೋದದ್ದು. ಪ್ರೇತ ಅಂದ್ರೆ ಹೊರಟು ಹೋದದ್ದು. ಪಿಶಾಚಿ ಅಂದ್ರೆ ಹಸಿಮಾಂಸ ತಿನ್ನೋದು ಅಂತ ಹಳಬರು ಬಿಡಿಸ್ತಾರೆ. ಗಾಳಿ, ಸೋಂಕು, ಪೀಡೆ, ಇವೆಲ್ಲ ನಿಜವಾದ ಹೆಸರು ಹೇಳೋಕೆ ಹೆದರಿ ಇಟ್ಟ ಹೆಸರು." ಚಮಚ ಕೆಳಗಿಟ್ಟಳು. "ವಿಚಿತ್ರ ನೋಡಿ. ಇದ್ದವನಿಗೆ ಪದ ಇದೆ, ಹೋದವನಿಗೆ ಪದ ಇದೆ. ಬರ್ತಾ ಇರೋನಿಗೆ ಇಲ್ಲ. ಜನ ಹೆದರೋದು ಮಾತ್ರ ಬರೋನಿಗೆ. ಅಂಥದ್ದೊಂದು ಪದ ಎಲ್ಲೋ ಯಾರದೋ ಬಾಯಲ್ಲಿ ಇದ್ದೇ ಇರಬೇಕು ಮಾಮ. ಸಿಕ್ಕಿದ್ರೆ ನಿಮ್ಮ ಗಂಟುಮೋರೆ ಎದ್ದು ಕುಣೀತಾರೆ."

"ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು ನಾನು. ದೆವ್ವದ ಹೆಸರು ಇಪ್ಪತ್ತು, ಉಸಿರು ಬಿಡದೆ ಒಪ್ಪಿಸಿದ್ದೆ, ಮೇಷ್ಟ್ರು ಕೋಲು ಕೆಳಗೆ ಹಾಕಿದ್ದರು. ನಾಳೆ ಸಂಜೆಯೊಳಗೆ ತಂದು ಕೊಡ್ತೀನಿ ನಿನ್ನ ಪದ."

ಒಪ್ಪಿಸಿದ್ದು ನಾಲ್ಕು. ಐದನೆಯದಕ್ಕೆ ತೊದಲಿದೆ, ಕೋಲು ಬಿತ್ತು. ಇರಲಿ. ಇಲ್ಲಿ ಬರೆದರೆ ಯಾರು ಓದುತ್ತಾರೆ.


ಜೂನ್ 6, ಗುರುವಾರ. ಮಧ್ಯಾಹ್ನ ನಾಲ್ಕು

ಬೆಳಿಗ್ಗೆಯಿಂದ ತಿರುಗಿದೆ. ಕ್ಷೌರದಂಗಡಿ, ಬಸ್ ನಿಲ್ದಾಣ, ಪೆನ್ಷನ್ ಕ್ಯೂ. ಎಲ್ಲರ ಬಾಯಲ್ಲೂ ಅದೇ ದೆವ್ವ, ಅದೇ ಭೂತ. ಪೆನ್ಷನ್ ಕ್ಯೂನಲ್ಲಿ ಒಬ್ಬ ಹೆಂಡತಿಯ ಹೆಸರು ಹೇಳಿ ಬರಕೊಳ್ಳಿ ಅಂದ.

ಬರಿಗೈಯಲ್ಲಿ ಹೋಗುವುದು ಹೇಗೆ? ಬಾಯಿ ಬಿಟ್ಟಾಗಿದೆ.

ಪಾರ್ಕಿನ ಬೆಂಚಿನ ಮೇಲೆ ಕೂತು ಹುಟ್ಟಿಸಿದೆ. ಸುಳ್ಳಿಗೂ ಒಳ್ಳೇ ಅಡಿಪಾಯ ಬೇಕು — ಬೋರ್ಡು ಬರೆಯುವವನಿಗೆ ಅದು ಹೇಳಿಕೊಡಬೇಕಾಗಿಲ್ಲ, ಮೊದಲು ಬಿಳಿ ಬಳಿಯಬೇಕು. ಪದ: ಅರೆಬಂದ. ಅರ್ಥ: ಪೂರ್ತಿ ಬಾರದೆ ಬಾಗಿಲಲ್ಲಿ ನಿಂತಿರುವ ದೆವ್ವ. ವಾಕ್ಯ: "ಬಾಗಿಲಲ್ಲಿ ಅರೆಬಂದ ನಿಂತಿದ್ದಾನೆ, ಕರೀಬೇಡ, ಕರೆದರೆ ಪೂರ್ತಿ ಬಂದುಬಿಡ್ತಾನೆ." ಓದಿ ನನಗೇ ಮೈ ಜುಮ್ಮೆಂದಿತು. ಏನು ಕೈ, ಏನು ತಲೆ.

ಆಡಿದವರು ಯಾರು? ಏಪ್ರಿಲ್‌ನಲ್ಲಿ ಬಸ್ಸಿನಲ್ಲಿ ಬಿಟ್ಟ ಛತ್ರಿ ಇನ್ನೂ ಮನಸ್ಸಿನಲ್ಲಿದೆ — ಹಿಡಿಯ ಮೇಲೆ ನನ್ನ ಕೆಂಪು ಹಕ್ಕಿ ಇದ್ದದ್ದು. ಹಾಗಾಗಿ ಬರೆದೆ: ಛತ್ರಿ ರಿಪೇರಿ ಮಾಡುವ ಅಜ್ಜಿ, ಎಂಬತ್ತೊಂದು. ಮನೆ: ಸೋಡಾ ಫ್ಯಾಕ್ಟರಿ ಹಿಂದಿನ ಗಲ್ಲಿ, ಕೊನೆಯ ಮನೆ, ಹಸಿರು ಬಾಗಿಲು. ಫ್ಯಾಕ್ಟರಿಯ ಬೋರ್ಡು ಬರೆದವನು ನಾನೇ. ಆ ಮನೆಗೆ ಆಗಲೇ ಬೀಗ ಬಿದ್ದಿತ್ತು. ಯಾರಿಗೂ ತೊಂದರೆಯಿಲ್ಲ.


ಜೂನ್ 8, ಶನಿವಾರ

ಗೆದ್ದೆ.

ಚೀಟಿ ಓದಿ ಇರುವೆ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿದಳು. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಗಂಟುಮೋರೆ ಕನ್ನಡಕ ಒರೆಸಿ ಮತ್ತೆ ಓದಿದ. ಹುಬ್ಬು ಒಂದು ಎಳೆ ಸಡಿಲವಾಯಿತು. "ಒಂದು ಬಾಯಿ ಆಯಿತು. ಇನ್ನೆರಡು ಸಿಗಲಿ" ಅಂದ.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಜ್ಜಿಯ ಮನೆಯ ಕತ್ತಲು, ಗೋಡೆಯ ತುಂಬ ತೂಗುಬಿದ್ದ ಮುರಿದ ಛತ್ರಿಗಳು, ಬಾವಲಿಗಳ ಹಾಗೆ...

"ಅಷ್ಟು ದೂರ ನಡೆದುಕೊಂಡು ಹೋದೆಯಾ? ಅಂಗಡಿಗೆ ಹೋಗಿ ಉಪ್ಪು ತಾ ಅಂದರೆ ಮಂಡಿನೋವು" ಅಂದಳು ಅಕ್ಕ.

"ಉಪ್ಪಿಗೂ ಸಾಹಿತ್ಯಕ್ಕೂ ವ್ಯತ್ಯಾಸ ಇದೆ ಅಕ್ಕ."

"ನಿನ್ನ ಸಾಹಿತ್ಯದಲ್ಲಿ ಉಪ್ಪು ಖಾರ ಮೊದಲಿನಿಂದಲೂ ಜಾಸ್ತೀನೇ ಬಿಡು."

ಮಗಳು ನಗುತ್ತಿದ್ದಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಮೂವರೂ ನಕ್ಕೆವು.


ಜೂನ್ 12, ಬುಧವಾರ

ಎರಡನೆಯ ಬಾಯಿ ಸಿಕ್ಕಿದೆ.

ಅಂಚೆಯಲ್ಲಿ ಬಂತು. ಬೇರೆ ಊರು, ನಿವೃತ್ತ ನರ್ಸ್. ನಿಘಂಟಿನವರು ಹಳೇ ಪದ ಕೇಳಿದ್ದಾರೆಂದು ಪೇಪರಿನಲ್ಲಿ ನೋಡಿ ಬರೆದಿದ್ದಾಳೆ. ಗುಂಡಗಿನ ಅಕ್ಷರ. ಪದ: ಅರೆಬಂದ. ವಾಕ್ಯ: "ಅರೆಬಂದ ಬಂದ ಮನೆ ಮುಂದೆ ಒಂದೇ ಚಪ್ಪಲಿ ಇರುತ್ತೆ. ಅವನು ಪೂರ್ತಿ ಬರಬೇಕಾದರೆ ಒಳಗಿರೋರು ಒಬ್ಬರು ಅರ್ಧ ಆಗಬೇಕು."

ಚಪ್ಪಲಿ ನಾನು ಹೇಳಿದ್ದಲ್ಲ. ಅರ್ಧ ಆಗುವುದೂ ನಾನು ಹೇಳಿದ್ದಲ್ಲ.

ಇರುವೆ ಓಡಾಡುತ್ತಿದ್ದಳು. "ನೋಡಿದ್ರಾ ಮಾಮ? ನಿಮ್ಮ ಅಜ್ಜಿ ಹೇಳಿದ್ದು ಸುಳ್ಳಲ್ಲ."

ಯಾರೋ ಆಟ ಆಡುತ್ತಿದ್ದಾರೆ. ಗಂಟುಮೋರೆಯೇ ನನ್ನನ್ನು ಹಿಡಿಯಲು ಬಲೆ ಹಾಕಿರಬಹುದು. ಅವರೆಲ್ಲ ಕಾಫಿಗೆ ಇಳಿದಾಗ ಲಕೋಟೆ ತಿರುಗಿಸಿ ನೋಡಿದೆ. ಅಂಚೆ ಮುದ್ರೆ ಸ್ಪಷ್ಟವಾಗಿದೆ.

ಜೂನ್ 4.

ನಾನು ಬೆಂಚಿನ ಮೇಲೆ ಕೂತದ್ದು ಆರಕ್ಕೆ.


ಜೂನ್ 13, ಗುರುವಾರ. ಬೆಳಿಗ್ಗೆ

ನಾನಿರುವ ಹಿಂದಿನ ಕೋಣೆಯಿಂದ ಹಾಲು ತರಲು ಹೊರಟೆ. ಅಕ್ಕನ ಮನೆ ಬಾಗಿಲ ಮುಂದೆ ಒಂದು ಚಪ್ಪಲಿ. ಗಂಡಸಿನದು, ಎಡಗಾಲಿನದು, ಹಿಮ್ಮಡಿ ಸವೆದದ್ದು. ಮೂತಿ ಮನೆಯ ಕಡೆಗೆ.

ನಾಯಿ ಎಳೆದು ತಂದಿರಬೇಕು. ಈ ಬೀದಿಯ ನಾಯಿಗಳಿಗೆ ಚಪ್ಪಲಿ ಎಂದರೆ ಪಂಚಪ್ರಾಣ. ಕಸದ ತೊಟ್ಟಿಗೆ ಎಸೆದು ಕೈ ತೊಳೆದೆ. ಎರಡು ಸಲ ತೊಳೆದೆ. ಅಕ್ಕನಿಗೆ ಹೇಳಲಿಲ್ಲ.


ಜೂನ್ 17, ಸೋಮವಾರ

ಹತ್ತಕ್ಕೊಂದು ಚೀಟಿ ಪರೀಕ್ಷೆ ಮಾಡುತ್ತಾರೆ. ಡಬ್ಬದಲ್ಲಿ ಕೈ ಹಾಕಿ ಕಣ್ಣು ಮುಚ್ಚಿ ಎತ್ತುವುದು, ಎತ್ತಿದ ಚೀಟಿಯವರ ಮನೆಗೆ ಹೋಗಿ ಮತ್ತೆ ಕೇಳುವುದು. ಇವತ್ತು ಇರುವೆ ಎತ್ತಿದಳು. ಅವಳ ಕೈಯಲ್ಲಿ ನನ್ನ ಅಕ್ಷರ.

"ಆ ಅಜ್ಜಿಗೆ ಜ್ವರ, ಅಂಟುಜ್ವರ" ಅಂದೆ.

"ದೂರ ಕೂತು ಕೇಳ್ತೀನಿ."

"ಮನೆ ಬದಲಾಯಿಸ್ತೀನಿ ಅಂತಿದ್ದರು."

"ಎಂಬತ್ತೊಂದಕ್ಕಾ? ಏನಾಗಿದೆ ಮಾಮ ನಿಮಗೆ, ಅಜ್ಜಿ ಜೊತೆ ಜಗಳ ಮಾಡಿಕೊಂಡು ಬಂದ್ರಾ?"

ಹೋದಳು. ಮೂರು ಗಂಟೆ ನಾನು ಕೂತಲ್ಲಿ ಕೂತಿದ್ದೆ. ಬೀಗ ನೋಡಿ ಬರುತ್ತಾಳೆ, ಬಯ್ಯುತ್ತಾಳೆ, ಎರಡು ದಿನ ಮಾತು ಬಿಡುತ್ತಾಳೆ, ಅಷ್ಟೇ. ಮನಸ್ಸಿನಲ್ಲಿ ಕ್ಷಮಾಪಣೆ ಕೂಡ ಸಿದ್ಧ ಮಾಡಿಕೊಂಡೆ.

ಸಂಜೆ ಬಂದಳು. ಕೈಯಲ್ಲಿ ಛತ್ರಿ. ಕಪ್ಪು ಬಟ್ಟೆ, ಹೊಸ ಕಡ್ಡಿ ಎರಡು. ಹಿಡಿಯ ಮೇಲೆ ಕೆಂಪು ಹಕ್ಕಿ.

"ಅವತ್ತು ಮರೆತು ಬಂದಿದ್ರಂತಲ್ಲ. ರಿಪೇರಿ ಮಾಡಿಟ್ಟಿದ್ದರು. ನಿಮ್ಮನ್ನ ಎಷ್ಟು ಹೊಗಳಿದರು ಗೊತ್ತಾ? 'ನನ್ನನ್ನು ಮಾತಾಡಿಸಿದ ಮೊದಲನೇ ಮನುಷ್ಯ' ಅಂದರು."

"ಹೇಗಿದ್ದರು ನೋಡೋಕೆ?" ಎಂದು ಕೇಳಿದೆ. ನಾನು ಕೇಳಬಾರದ ಪ್ರಶ್ನೆ. ಅವಳಿಗೆ ಅದು ಹೊಳೆಯಲಿಲ್ಲ.

"ಬಾಗಿಲ ಸಂದಿಯಲ್ಲೇ ಕೂತಿದ್ದರು, ಹಿಂದೆ ಬೆಳಕು... ಮುಖ ಸರಿಯಾಗಿ... ನಾನು ಮೆಟ್ಟಿಲ ಮೇಲೆ ಕೂತೆ. ರೆಕಾರ್ಡ್ ಮಾಡಿದೀನಿ, ಕೇಳಿ."

ಫೋನ್ ಹಚ್ಚಿದಳು. ಅವಳ ದನಿ: "ಅಜ್ಜಿ, ಈ ಪದ ನಿಮಗೆ ಯಾರು ಹೇಳಿದ್ದು?" ಆಮೇಲೆ ಏನೂ ಇಲ್ಲ. ದೂರದಲ್ಲಿ ಸೋಡಾ ಬಾಟಲಿಗಳ ಸದ್ದು. ಅವಳ ನಗು. "ಹೌದಾ?" ಮತ್ತೆ ಏನೂ ಇಲ್ಲ. "ಸರಿ, ನಾಳೆಯೂ ಬರ್ತೀನಿ."

"ಕೇಳಿದ್ರಲ್ಲ, ಎಂಥಾ ದನಿ ಅಲ್ವಾ?"

ಕೇಳಿದೆ ಅಂದೆ.

ಆ ಒಂದು ಮಾತು ಯಾಕೆ ಆಡಿದೆನೋ ಗೊತ್ತಿಲ್ಲ. ಇಲ್ಲ, ಗೊತ್ತು.


ಜೂನ್ 18, ಮಂಗಳವಾರ. ಹಗಲು ಹನ್ನೆರಡು

ಹೋಗಿ ನೋಡಿ ಬಂದೆ.

ಸುಡುವ ಬಿಸಿಲು. ಗಲ್ಲಿಯಲ್ಲಿ ಒಂದು ನೆರಳೂ ಇಲ್ಲ. ಹಸಿರು ಬಾಗಿಲು, ಬೀಗ, ಬೀಗದ ಮೇಲೆ ಜೇಡರ ಬಲೆ. ಬಲೆ ಹರಿದಿಲ್ಲ. ಫ್ಯಾಕ್ಟರಿ ವಾಚ್‌ಮನ್ ಸ್ಟೂಲ್ ಎಳೆದುಕೊಂಡು ಬಂದ.

"ಯಾರು ಬೇಕಿತ್ತು ಯಜಮಾನ್ರೇ? ಅಲ್ಲಿ ಯಾರೂ ಇಲ್ಲ. ನಾನು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ, ಅವತ್ತಿಂದ ಇದೇ ಬೀಗ."

"ನಿನ್ನೆ ಒಬ್ಬಳು ಹುಡುಗಿ..."

"ನಿಮ್ಮ ಕಡೆಯವಳಾ? ಮೆಟ್ಟಿಲ ಮೇಲೆ ಕೂತು ಬಾಗಿಲ ಜೊತೆ ಮಾತಾಡ್ತಿದ್ದಳು. ಎರಡು ಗಂಟೆ. ನಗ್ತಿದ್ದಳು ಬೇರೆ." ಸ್ವರ ಇಳಿಸಿದ. "ಡಾಕ್ಟರಿಗೆ ತೋರಿಸಿ. ಒಳ್ಳೇ ಮನೆ ಮಗಳ ಹಾಗೆ ಕಾಣ್ತಾಳೆ."

ಮೆಟ್ಟಿಲ ಮೇಲೆ ಒಂದು ಚಪ್ಪಲಿ ಇತ್ತು. ಬಲಗಾಲಿನದು. ಹಿಮ್ಮಡಿ ಸವೆದದ್ದು. ಅಕ್ಕನ ಮನೆ ಮುಂದೆ ಸಿಕ್ಕಿದ್ದರ ಜೋಡಿ.


ಜೂನ್ 24, ಸೋಮವಾರ

ಐದು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನಿಸುತ್ತಿತ್ತು. ಬರೆಯದಿದ್ದರೂ ಆಗುತ್ತಿದೆ.

ಇರುವೆ ದಿನವೂ ಹೋಗುತ್ತಿದ್ದಾಳೆ. ಕಾಫಿ ಅರ್ಧ ಕುಡಿದು ಇಡುತ್ತಾಳೆ. ಊಟ ಅರ್ಧ. ಒಂದೇ ಕಿವಿಗೆ ಓಲೆ. ಇನ್ನೊಂದು ಹಾಕಿಕೊಳ್ಳಲು ನೆನಪಾಗಲಿಲ್ಲವಂತೆ. ಮಾತು ನಡುವೆ ನಿಂತುಬಿಡುತ್ತದೆ, ನಿಂತದ್ದು ಅವಳಿಗೆ ತಿಳಿಯುವುದಿಲ್ಲ. ನಿನ್ನೆ ಪೆನ್ನು ಕೊಡುವಾಗ ಅವಳ ಎಡಗೈ ತಾಗಿತು. ನಲ್ಲಿಯ ಕೊಳವೆಯಷ್ಟು ತಣ್ಣಗಿತ್ತು. ಬಲಗೈ ಬೆಚ್ಚಗೇ ಇದೆ.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಒಗೆದ ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ಆ ಮುದುಕಿ ನನ್ನ ಮಗಳಿಗೆ ಏನು ಮಾಡ್ತಿದಾಳೆ?"

"ಏನೂ ಇಲ್ಲ ಅಕ್ಕ. ಕೆಲಸದ ಒತ್ತಡ."

"ನೀನು ತೋರಿಸಿದ ಮನೆ ಅದು. ಬಾಯಿಗೆ ಬಂದದ್ದು ಹೇಳು, ನಂಬ್ತೀನಿ. ಐವತ್ತು ವರ್ಷದಿಂದ ನಂಬ್ತಾ ಬಂದಿದೀನಿ. ಆದರೆ ಇದೊಂದು ವಿಷಯದಲ್ಲಿ ನಿಜ ಹೇಳು."

ಬಕೆಟ್ ಎತ್ತಿಕೊಟ್ಟು ಬಂದೆ. ಎಷ್ಟೋ ಅಂಗಡಿಗೆ ಬೋರ್ಡು ಬರೆದ ಮನುಷ್ಯ, ಮೂರು ಪದದ ವಾಕ್ಯ ಬರಲಿಲ್ಲ — ನಾನು ಸುಳ್ಳು ಹೇಳಿದೆ.


ಜೂನ್ 25, ಮಂಗಳವಾರ

ಹೇಳಿದೆ. ಎಲ್ಲರ ಮುಂದೆ, ಕಚೇರಿಯಲ್ಲೇ.

ಪದ ನನ್ನದು, ಅಜ್ಜಿ ನನ್ನವಳು, ವಾಕ್ಯ ಪಾರ್ಕಿನ ಬೆಂಚಿನದು. ಆ ಬಾಗಿಲಿಗೆ ಹನ್ನೊಂದು ವರ್ಷದಿಂದ ಬೀಗ. ಇರುವೆ ಇನ್ನು ಅಲ್ಲಿಗೆ ಹೋಗಬಾರದು.

ಗಂಟುಮೋರೆ ಮೊದಲ ಸಲ ನಕ್ಕ. ನಗು ಆ ಮುಖಕ್ಕೆ ಒಗ್ಗುವುದಿಲ್ಲ. "ಯಜಮಾನ್ರೇ, ಹೋದ ತಿಂಗಳು ಈ ಕಟ್ಟಡದ ಪ್ಲಾನ್ ನಿಮ್ಮದು ಅಂದಿರಿ. ಅದಕ್ಕೆ ಮುಂಚೆ ರೈಲ್ವೆ ಸ್ಟೇಷನ್ ಗಡಿಯಾರ ನೀವು ಕೈಯಿಂದ ತಿರುಗಿಸ್ತಿದ್ದದ್ದು ಅಂದಿರಿ. ಈಗ ಪದವನ್ನೂ ಹುಟ್ಟಿಸಿಬಿಟ್ರಾ?"

"ಸರ್, ಆಣೆ ಮಾಡಿ ಹೇಳ್ತೀನಿ."

ಲಕೋಟೆ ತೆಗೆದು ಮುದ್ರೆ ತೋರಿಸಿದ. "ನೀವು ಹುಟ್ಟಿಸಿದ್ದು ಆರನೇ ತಾರೀಕು. ಇದು ನಾಲ್ಕಕ್ಕೆ ಪೋಸ್ಟ್ ಆಗಿದೆ. ಮಗು ಹುಟ್ಟೋಕೆ ಮುಂಚೆ ಶಾಲೆಗೆ ಹೋಯ್ತಾ?"

ಇಡೀ ಕಚೇರಿ ನಕ್ಕಿತು. ಇರುವೆಯೂ ನಕ್ಕಳು, ಬಾಯಿಯ ಒಂದು ಬದಿಯಲ್ಲಿ ಮಾತ್ರ.

"ಮಾಮ, ಜೀವನದಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ರಿ. ಅದನ್ನ ಬರೀ ಕೇಳಿ ಬರಕೊಂಡೆ ಅಂತ ಹೇಳೋಕೂ ನಿಮಗೆ ಸಣ್ಣದಾಗಿ ಕಾಣುತ್ತಾ? ಅದೂ ನಿಮ್ಮ ತಲೆಯಿಂದಲೇ ಬಂದದ್ದಾಗಬೇಕಾ?"

ತೋಳ ಬಂತು ತೋಳ ಅಂತ ಕೂಗಿದವನ ಕಥೆಯನ್ನು ಹಳ್ಳಿ ಶಾಲೆಯಲ್ಲಿ ನಾನೇ ಅಭಿನಯಿಸಿದ್ದೆ. ತೋಳದ ಪಾತ್ರ. ಅದು ಮಾತ್ರ ನಿಜ.


ಜೂನ್ 26, ಬುಧವಾರ

ಅಕ್ಕನಿಗೂ ಹೇಳಿದೆ. ಅವಳು ನಂಬಿದಳು. ಅದೇ ಕಷ್ಟವಾಯಿತು. ಬಯ್ಯಲಿಲ್ಲ. ಒಲೆ ಆರಿಸಿ ಕೂತುಬಿಟ್ಟಳು.

"ಹುಟ್ಟಿಸೋಕೆ ಬಂತಲ್ಲ, ಹೋಗಿಸೋಕೆ ಬರುತ್ತಾ ನಿನಗೆ?"

ಮಗಳನ್ನು ಕೋಣೆಗೆ ಕರೆದು ಮಾತಾಡಿದಳು. ಗೋಡೆಗೆ ಹೇಳಿದ ಹಾಗಾಯಿತು. ಇರುವೆ ಹೇಳಿದ್ದು ಇಷ್ಟೇ: "ಒಂದು ಬಾಯಿ ಬಾಕಿ ಇದೆ ಅಮ್ಮ. ಶುಕ್ರವಾರ ಮುಗಿದುಹೋಗುತ್ತೆ."


ಜೂನ್ 27, ಗುರುವಾರ. ರಾತ್ರಿ

ಶುಕ್ರವಾರ ಎಂದರೆ ನಾಳೆ. ಅಚ್ಚಿಗೆ ಹೋಗುವ ದಿನ. ಕೇಳಿದೆ — ಮೂರನೆಯ ಬಾಯಿ ಯಾರದು?

"ಅಜ್ಜಿ ತೋರಿಸ್ತಾರಂತೆ. ನಾಳೆ ಹನ್ನೆರಡಕ್ಕೆ ಬಾ, ಬಾಗಿಲು ಪೂರ್ತಿ ತೆಗೀತೀನಿ, ಒಳಗೆ ಬಂದು ಕೇಳು ಅಂದಿದಾರೆ. ಇಷ್ಟು ದಿನ ಮೆಟ್ಟಿಲ ಮೇಲೇ..."

ಮಾತು ಅಲ್ಲಿಗೆ ನಿಂತಿತು. ಅವಳು ಗೋಡೆ ನೋಡುತ್ತಾ ಕೂತಳು. ಅವಳ ಎಡಗಣ್ಣು ಮಿಟುಕುವುದನ್ನು ಮರೆತಿದೆ.

ನರ್ಸ್ ಬರೆದದ್ದು ಈಗ ಅರ್ಥವಾಗುತ್ತಿದೆ. ಒಳಗಿರುವವರು ಒಬ್ಬರು ಅರ್ಧ ಆಗಬೇಕು.

ರಾತ್ರಿ ಊಟವಾದ ಮೇಲೆ ಎರಡೂ ಚೀಟಿ ಎದುರಿಗಿಟ್ಟುಕೊಂಡು ಓದಿದೆ. ಪ್ರತಿ ತೆಗೆದು ತಂದಿದ್ದೆ. ಮತ್ತೆ ಮತ್ತೆ ಓದಿದೆ. ಆಗ ಹೊಳೆಯಿತು. ಅವನು ಎಲ್ಲಿ ನಿಲ್ಲುತ್ತಾನೆ ಎಂದಿದೆ. ಹೇಗೆ ಪೂರ್ತಿ ಬರುತ್ತಾನೆ ಎಂದಿದೆ. ಹೇಗೆ ಹೋಗುತ್ತಾನೆ ಎಂದು ಎಲ್ಲೂ ಇಲ್ಲ. ಬರುವವನಿಗೆ ಪದ ಬೇಕು ಅಂದಳು ಹುಡುಗಿ, ಬರುವುದನ್ನಷ್ಟೇ ಕೊಟ್ಟೆ. ಅಕ್ಕ ಕೇಳಿದ್ದೂ ಅದನ್ನೇ.

ಚೀಟಿಯಲ್ಲಿ ಬರೆದದ್ದೆಲ್ಲ ಆಗುತ್ತಿದೆ. ಹಾಗಾದರೆ ಇನ್ನೂ ಒಂದು ಚೀಟಿಗೆ ಜಾಗವಿದೆ.


ಜೂನ್ 28, ಶುಕ್ರವಾರ. ಬೆಳಿಗ್ಗೆ ಹತ್ತು

ಅಕ್ಕನ ಮನೆಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಇರುವೆಯ ಫೋನ್ ಅಕ್ಕಿ ಡಬ್ಬಕ್ಕೆ. ಚಪ್ಪಲಿ ಎರಡೂ ಹಂಡೆಯ ಹಿಂದೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಕೋಲು ಬಚ್ಚಿಟ್ಟ ಮೇಲೆ ಇಷ್ಟು ಚುರುಕಾಗಿ ಕೆಲಸ ಮಾಡಿರಲಿಲ್ಲ.

ಅಕ್ಕ ನೋಡಿದಳು. ಬಾಗಿಲವರೆಗೆ ಬಂದು, "ಛತ್ರಿ ತಗೊಂಡು ಹೋಗು, ಬಿಸಿಲಿದೆ" ಅಂದಳು.


11.40

ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದೇನೆ. ಬಾಗಿಲಿಗೆ ಬೀಗ ಇದೆ. ಬಲೆಯೂ ಇದೆ. ಅವತ್ತು ಕಂಡ ಬಲಗಾಲಿನ ಚಪ್ಪಲಿ ಇಲ್ಲ. ವಾಚ್‌ಮನ್ ಊಟಕ್ಕೆ ಹೋಗಿದ್ದಾನೆ. ಸೋಡಾ ಮಿಷನ್ ನಿಂತಿದೆ. ಇಷ್ಟು ಬೆಳಕಿನಲ್ಲಿ ಹೆದರಿಕೆ ಆಗಬಾರದು.

ಚೀಟಿ ಬರೆದೆ. ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ.

ಪದ: ಅರೆಬಂದ.
ವಾಕ್ಯ: "ಅರೆಬಂದನ್ನ ಹುಟ್ಟಿಸಿದವನು ಅವನ ಜಾಗಕ್ಕೆ ಹೋಗಿ ನಿಂತರೆ, ಅರೆಬಂದ ಹಿಡಿದದ್ದನ್ನ ಬಿಟ್ಟು ಹೋಗ್ತಾನೆ."
ಆಡಿದವರು: ಬೋರ್ಡು ಬರೆಯುವವನು, ಅರವತ್ತನಾಲ್ಕು. ಮನೆ: ಅಕ್ಕನ ಮನೆಯ ಹಿಂದಿನ ಕೋಣೆ.

ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಹಕ್ಕಿ. ನಾನು ಬರೆದ ಚೀಟಿಗಳಲ್ಲಿ ಆಡಿದವರ ಸಾಲು ಇಷ್ಟು ಸಾಚಾ ಇರುವುದು ಇದರಲ್ಲೇ.

ಮೂರು ಬಾಯಿ ಆಯಿತು.

ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿಸಿದೆ. ಅರ್ಧ ಹೋಗಿ ನಿಂತಿದೆ.


11.55

ಉಳಿದರ್ಧವನ್ನು ಒಳಗಿನಿಂದ ಎಳೆದುಕೊಂಡರು.

ಮೆಲ್ಲಗೆ. ಓದಲು ಎತ್ತಿಕೊಂಡ ಹಾಗೆ.


12.10

ಬೀಗ ಹಾಗೇ ಇದೆ. ಬಾಗಿಲು ತೆರೆಯಲಿಲ್ಲ. ಆದರೆ ನನ್ನ ಬಲಗಾಲಿಗೆ ತಣ್ಣನೆಯ ನೆಲ ತಾಗುತ್ತಿದೆ. ಮೆಟ್ಟಿಲ ಕಲ್ಲು ಬಿಸಿಲಿಗೆ ಕಾದಿದೆ, ಎಡಗಾಲು ಸುಡುತ್ತಿದೆ. ಬಲಗಾಲು ಹಳೆಯ ಮಣ್ಣಿನ ನೆಲದ ಮೇಲಿದೆ. ಕೆಳಗೆ ನೋಡಿದೆ. ಒಂದೇ ಚಪ್ಪಲಿ ಕಾಣುತ್ತಿದೆ, ಎಡಗಾಲಿನದು.

ಹಿಮ್ಮಡಿ ಸವೆದಿದೆ. ನಡೆಯುವಾಗ ಹಿಮ್ಮಡಿ ಊರುವುದು ನನ್ನ ಅಭ್ಯಾಸ, ಚಿಕ್ಕಂದಿನಿಂದ.

ಹದಿಮೂರನೇ ತಾರೀಕು ಕಸದ ತೊಟ್ಟಿಗೆ ನಾನು ಎಸೆದದ್ದು ಯಾರ ಚಪ್ಪಲಿ ಎಂದು ಈಗ ಗೊತ್ತಾಯಿತು.

ಒಳಗೆ ಬಾವಲಿಗಳ ಹಾಗೆ ಛತ್ರಿಗಳು. ಅಕ್ಕನಿಗೆ ಹೇಳಿದ ಹಾಗೇ ಇವೆ. ಒಂದೂ ತಪ್ಪಿಲ್ಲ. ಅಜ್ಜಿ ಇಲ್ಲ. ಅವಳು ಕೂತಿದ್ದ ಮಣೆ ಖಾಲಿ ಇದೆ.


12.50

ಇರುವೆ ಬಂದಳು. ಅಮ್ಮನ ಚಪ್ಪಲಿ ಹಾಕಿಕೊಂಡು ಓಡುತ್ತಾ ಬಂದಿದ್ದಾಳೆ. ಕೆನ್ನೆ ಎರಡೂ ಕೆಂಪಗಿವೆ. ಎರಡೂ ಕಿವಿಗೆ ಓಲೆ. ಎರಡೂ ಕಣ್ಣು ಮಿಟುಕುತ್ತಿವೆ. ಆಯಿತು. ಇಷ್ಟು ಸಾಕು. ಇದನ್ನು ಯಾರ ಮುಂದೆಯೂ ಕೊಚ್ಚಿಕೊಳ್ಳಲಾಗುವುದಿಲ್ಲ, ಅದೊಂದೇ ಸಂಕಟ.

ಬಾಗಿಲು ನೋಡಿದಳು. ಬೀಗ ಮುಟ್ಟಿದಳು, ಬಲೆ ಬೆರಳಿಗೆ ಅಂಟಿತು. ಈ ಮನೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಾಳೆ. ನಾನು ಎರಡಡಿ ದೂರದಲ್ಲಿ ಕೂತಿದ್ದೇನೆ. ಅವಳ ನೋಟ ನನ್ನ ಮೇಲೆ ಬಿತ್ತು, ನಿಲ್ಲಲಿಲ್ಲ, ಗೋಡೆಗೆ ಹೋಯಿತು.

ವಾಚ್‌ಮನ್ ಬಂದ. "ಇಲ್ಲಿ ಒಬ್ಬರು ವಯಸ್ಸಾದವರು ಬಂದಿದ್ರಾ?" ಎಂದು ಕೇಳಿದಳು.

"ಛತ್ರಿ ಹಿಡಿದು ಬಂದರು. ಹೋಗಿದ್ದು ನೋಡಲಿಲ್ಲ."

ಮೆಟ್ಟಿಲ ಮೇಲಿನ ಛತ್ರಿ ಎತ್ತಿಕೊಂಡಳು. ಹಿಡಿಯ ಹಕ್ಕಿ ಸವರಿದಳು. ಆಮೇಲೆ ಚಪ್ಪಲಿ ಕಂಡಿತು. ಬಗ್ಗಿ, ಹಿಮ್ಮಡಿ ನೋಡಿದಳು. ಅವಳಿಗೆ ಗೊತ್ತು. ನಾನು ಯಾವಾಗ ಬಂದರೂ ಸದ್ದಿನಿಂದಲೇ ಗುರುತು ಹಿಡಿಯುತ್ತಿದ್ದಳು, ಮಗುವಾಗಿದ್ದಾಗಿನಿಂದ.

ಅತ್ತ ಇತ್ತ ನೋಡುತ್ತಿದ್ದಾಳೆ. ಗಂಟಲು ಸರಿಮಾಡಿಕೊಂಡಳು.

ನಾನು ಹುಟ್ಟಿಸಿದ ಮೊದಲ ವಾಕ್ಯ ಇನ್ನೂ ಡಬ್ಬದಲ್ಲಿದೆ. ಅದನ್ನು ಹರಿಯಲಿಲ್ಲ. ಮೂರು ಬಾಯಿ ಸೇರಿ ಪದ ಬಂದಾಗಿದೆ. ಕರೆದರೆ ಪೂರ್ತಿ ಬಂದುಬಿಡ್ತಾನೆ. ಬಂದರೆ ನಾನಾಗಿ ಬರುವುದಿಲ್ಲ. ನನ್ನ ಬಲಗೈಯನ್ನು ಯಾರೋ ಒಳಗಿನಿಂದ ಹಿಡಿದುಕೊಂಡಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ.

ಬೇಡ ಇರುವೆ. ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಹೋಗು. ಏನು ಬೇಕಾದರೂ ಅಂದುಕೋ. ಮಾಮ ಓಡಿಹೋದ ಅನ್ನು, ಸುಳ್ಳುಗಾರ ಅನ್ನು. ಕರೀಬೇಡ ಮಗಳೇ, ಕರೀಬೇ